ಹೊಸ ಶೂ ಕಚ್ಚುತ್ತದೆ

ಜೂನ್ 4, ಬೆಳಿಗ್ಗೆ

ಶಟರ್ ಎತ್ತಿ, ಗಾಜು ಒರೆಸಿ, ಬಾಕ್ಸ್‌ಗಳನ್ನು ಸೈಜ್ ಪ್ರಕಾರ ಜೋಡಿಸಿದ್ದಾಯಿತು. ಓಟದ ಶೂಗಳ ಹೊಸ ಸ್ಟಾಕ್ ಬಂದಿದೆ. ತೆಳು ಸೋಲ್, ಹಿಮ್ಮಡಿಗೆ ಎತ್ತರವೇ ಇಲ್ಲ, ಕೈಯಲ್ಲಿ ಹಿಡಿದರೆ ಏನೂ ಹಿಡಿದ ಹಾಗಿಲ್ಲ. ತಂಗಿಗೆ ಇದೇ. ತಿಂಗಳ ಕೊನೆಗೆ ಸೆಲೆಕ್ಷನ್ ರೇಸ್. ಗೆದ್ದರೆ ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿ ಸೀಟು, ಒಳ್ಳೆಯ ಕೋಚು... ಅವಳ ಈಗಿನ ಶೂ ದಪ್ಪ ಹಿಮ್ಮಡಿಯದು, ಬಣ್ಣ ಹೋಗಿ ಒದ್ದೆ ಬೆಕ್ಕಿನ ಹಾಗಿದೆ. ಶೂ ಅಂಗಡಿಯವನ ತಂಗಿ ಅಂತ ಹೇಳಿಕೊಳ್ಳಲು ನನಗೇ ನಾಚಿಕೆ.

ಜೂನ್ 5

ಕೊಟ್ಟೆ. ಹಿಗ್ಗಿದಳು. ಆದರೂ "ಹಳೇದೂ ಇರ್ಲಿ ಅಣ್ಣ, ಕಾಲಿಗೆ ಒಗ್ಗಿದೆ" ಅಂದಳು. ಸಿಟ್ಟು ಬಂತು. ಶೂ ವಿಷಯ ನನಗಿಂತ ಇವಳಿಗೆ ಗೊತ್ತಾ? ಅವಳು ಸ್ನಾನಕ್ಕೆ ಹೋದಾಗ ಹಳೆಯದನ್ನು ಲೇಸ್ ಹಿಡಿದು ತೂಗಾಡಿಸಿಕೊಂಡು ಹೋಗಿ ಬೀದಿ ಕೊನೆಯ ಕಸದ ಡಬ್ಬಕ್ಕೆ ಹಾಕಿ ಬಂದೆ.

ಜೂನ್ 6

ಗಿರಾಕಿಯೊಬ್ಬರು ಅದೇ ಶೂ ಕೇಳಿದರು. ದಿನಾ ಹೇಳುವ ಪಾಠ ಒಪ್ಪಿಸಿದೆ. "ಒಂದೇ ಸಲ ಬದಲಾಯಿಸ್ಬೇಡಿ ಸರ್. ಹಳೇದ್ರಲ್ಲೂ ಓಡ್ತಾ ಇರಿ, ಇದನ್ನ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡ್ಕೊಳ್ಳಿ. ಇಲ್ದಿದ್ರೆ ಭಾರ ಎಲ್ಲಾ ಪಾದದ ಮುಂಭಾಗಕ್ಕೆ ಬೀಳುತ್ತೆ."

ಹೇಳುವಾಗಲೇ ತಂಗಿಯ ಹಳೇ ಶೂ ನೆನಪಾಯಿತು. ಮನೆಗೆ ಬರುವಾಗ ಆ ಡಬ್ಬದೊಳಗೆ ಇಣುಕಿದೆ. ಖಾಲಿ ಮಾಡಿದ್ದರು. ಅವಳದು ಗಟ್ಟಿ ಕಾಲು, ಏನೂ ಆಗಲಿಕ್ಕಿಲ್ಲ.

ಜೂನ್ 14

ಊಟಕ್ಕೆ ಕೂತಾಗ "ಶೂ ಕಚ್ತಿದೆ ಅಣ್ಣ" ಅಂದಳು. ನಗು ಬಂತು. ಹೊಸ ಶೂ ಕಚ್ಚದೆ ಮುದ್ದಾಡುತ್ತಾ? ಪ್ಲಾಸ್ಟರ್ ಕೊಟ್ಟೆ. "ಹಿಮ್ಮಡಿಗೆ ಹಚ್ಕೋ. ನಾಲ್ಕು ದಿನದಲ್ಲಿ ಪಳಗುತ್ತೆ." ಏನೋ ಹೇಳಹೊರಟವಳು ಸುಮ್ಮನೆ ತೆಗೆದುಕೊಂಡಳು.

ಜೂನ್ 21

ಬರೆಯಲು ಕೈ ಬರುತ್ತಿಲ್ಲ. ಪ್ರಾಕ್ಟೀಸ್ ಮಧ್ಯೆ ಕುಸಿದು ಕೂತಳಂತೆ. ಎಕ್ಸ್‌ರೇಯಲ್ಲಿ ಕಾಣಲಿಲ್ಲ, ಸ್ಕ್ಯಾನ್‌ನಲ್ಲಿ ಸಿಕ್ಕಿತು — ಕಾಲ್ಬೆರಳುಗಳ ಹಿಂದಿನ ಮೂಳೆಯಲ್ಲಿ ಸಣ್ಣ ಬಿರುಕು. ರೇಸ್ ಇಲ್ಲ. ಕಾಲು ಊರುವಂತಿಲ್ಲ. ಕಚ್ಚುತ್ತಿದ್ದದ್ದು ಚರ್ಮವನ್ನಲ್ಲ, ಮೂಳೆಯನ್ನು. 'ಎಲ್ಲಿ' ಅಂತ ಒಂದು ಮಾತು ಕೇಳಲಿಲ್ಲ ನಾನು. ಗಿರಾಕಿಗಳನ್ನು ಮೊದಲು ಕೇಳುವುದೇ ಅದು.

ಒಂದೇ ಸಲ ಹೊಸ ಶೂಗೆ ಬದಲಾಯಿಸಿದ್ದಕ್ಕೆ ಡಾಕ್ಟರಮ್ಮ ಬೈದರು. "ಹಳೇ ಶೂ ಏನಾಯ್ತು? ಹಾಕ್ಕೊಂಡು ಓಡ್ಬಾರ್ದಾಗಿತ್ತಾ?"

ಅಮ್ಮ, "ಗುಡಿಸೋವಾಗ ನಾನೇ ಎಸೆದಿರ್ಬೇಕು. ಈಚೆಗೆ ಮರೆವು ಜಾಸ್ತಿ" ಅಂದಳು. ತಂಗಿ ನೆಲ ನೋಡುತ್ತಿದ್ದಳು. ನಾನೂ.

ಜೂನ್ 23

ಅಮ್ಮ ಹಳೇ ಶೂಗಾಗಿ ಮನೆಯೆಲ್ಲ ಹುಡುಕುತ್ತಿದ್ದಾಳೆ. ಮಂಚದಡಿ, ಕಪಾಟಿನ ಹಿಂದೆ. "ಸಿಕ್ಕಿದ್ರೆ ಮನಸ್ಸಿಗೆ ಸಮಾಧಾನ ಕಣೋ. ನನ್ನಿಂದ ಮಗು ಕಾಲು ಹೋಯ್ತಲ್ಲ ಅನ್ನೋದು ತಪ್ಪುತ್ತೆ." ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಬೆಳಕು ಸರಿಯಾಗಿ ಬಿಡು ಅಂದಳು. ಬಿಟ್ಟೆ. ನನ್ನಂಥ ಹೇಡಿ ಇನ್ನೊಬ್ಬ ಇರಲಾರ.

ಜೂನ್ 30, ಸಂಜೆ

ಇವತ್ತು ರೇಸ್ ಇತ್ತು. ತಂಗಿ ಕಾಲನ್ನು ದಿಂಬಿನ ಮೇಲಿಟ್ಟು ಗೋಡೆ ನೋಡುತ್ತಿದ್ದಳು. ಹೇಳಿಬಿಟ್ಟೆ — ಎಸೆದದ್ದು ಅಮ್ಮ ಅಲ್ಲ, ನಾನು.

"ಗೊತ್ತು. ಮಾರನೇ ದಿನ ಬೆಳಿಗ್ಗೆ ಓಡೋಕೆ ಹೋದಾಗ ಡಬ್ಬದಲ್ಲಿ ಕಾಣಿಸ್ತು."

"ಎತ್ಕೊಂಡು ಬರ್ಬಾರ್ದಿತ್ತಾ?"

"ನೀನು ಅಷ್ಟು ಆಸೆಯಿಂದ ಹೊಸದು ತಂದಿದ್ದೆ."

"ಕಾಲು ನೋಯೋವಾಗಾದ್ರೂ ನಂಗೊಂದು ಮಾತು ಹೇಳ್ಬಾರ್ದಾ ಪುಟ್ಟಿ?"

"ಹೇಳಿದ್ನಲ್ಲ ಅಣ್ಣ. ಕಚ್ತಿದೆ ಅಂತ."

ನನ್ನ ಕೋಣೆಗೆ ಬಂದು ಕೂತಿದ್ದೇನೆ. ಪಕ್ಕದ ಕೋಣೆಯಲ್ಲಿ ಅಮ್ಮ ಮತ್ತೆ ಕಪಾಟು ಎಳೆಯುತ್ತಿದ್ದಾಳೆ. ಎದ್ದು ಹೋಗುವುದು ಬಿಟ್ಟು ಬರೆಯುತ್ತಿದ್ದೇನೆ. ಕರೆಯುತ್ತಿದ್ದಾಳೆ — ಟಾರ್ಚ್ ತಗೊಂಡು ಬಾರೋ ಅಂತ. ಹೋಗಿ ಹೇಳ—