ಬೇಕೆಂದೇ ಹಾಕಿದ ತಪ್ಪು

ಶೀಘ್ರದಲ್ಲೇ ಶ್ರೀಮತಿಯಾಗಲಿರುವ ಕುಮಾರಿ ಮಹಾನಂದಾ ಅವರ ದಿವ್ಯ ಸನ್ನಿಧಾನಕ್ಕೆ, ಎಲೆಕ್ಟ್ರಾನಿಕ್ ಸಿಟಿಯ ಅಧಿಕೃತ ತರಲೆ ದೇವರಾಜನ ಸಾಷ್ಟಾಂಗ ನಮಸ್ಕಾರಗಳು.

ನಗಬೇಡ. ನೆಟ್ಟಗೆ ಬರೆಯಬೇಕೆಂದೇ ಕೂತೆ, ಕೈ ತನ್ನ ಚಾಳಿ ಬಿಡಲಿಲ್ಲ. ನಿನ್ನೆ ನೀನು ವೈಟ್‌ಫೀಲ್ಡಿನಿಂದ ನಮ್ಮ ಲ್ಯಾಬಿಗೆ ಮದುವೆಯ ಕಾರ್ಡು ಹಂಚಲು ಬಂದು ಹೋದ ಮೇಲೆ ನನಗೆ ಯಾವ ಕೆಲಸವೂ ಸಾಗುತ್ತಿಲ್ಲ.

ನಮ್ಮಿಬ್ಬರ ಕೆಲಸವೇ ವಿಚಿತ್ರವಾಗಿತ್ತು, ಅಲ್ಲವೇ? ಸರ್ವರಿನ ಮೆಮೊರಿಯಲ್ಲಿ ಒಮ್ಮೊಮ್ಮೆ ಸೊನ್ನೆ ಇರಬೇಕಾದ ಕಡೆ 'ಒಂದು' ಬಂದು ಕೂರುತ್ತದೆ. ಯಂತ್ರ ಅದನ್ನು ತಾನೇ ಹಿಡಿದು, ತಿದ್ದಿಕೊಂಡು, ನಿಲ್ಲದೆ ನಡೆಯಬೇಕು. ನಡೆಯುತ್ತದೋ ಇಲ್ಲವೋ ನೋಡಲು ಯಾರಾದರೂ ಬೇಕೆಂದೇ ತಪ್ಪು ಹಾಕಬೇಕಲ್ಲ, ಆ ಪುಣ್ಯಕಾರ್ಯಕ್ಕೆ ಕಂಪನಿ ನನ್ನನ್ನು ನೇಮಿಸಿತ್ತು. ಅಮ್ಮನಿಗೆ ಹೇಳಿದಾಗ, "ತರ್ಲೆ ಮಾಡಕ್ಕೂ ಸಂಬ್ಳ ಕೊಡ್ತಾರೇನ್ಲಾ?" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ನಾನು ಹಾಕಿದ ತಪ್ಪನ್ನು ಹಿಡಿಯುವ ಪ್ರೋಗ್ರಾಂ ನಿನ್ನದು. ಬಂದ ತಪ್ಪು ನಾನು ಹಾಕಿದ್ದಾದರೆ ನೀನು 'ಟೆಸ್ಟ್' ಎಂದು ಬರೆದು ಬಿಟ್ಟುಬಿಡುತ್ತಿದ್ದೆ. ತಾನಾಗಿ ಬಂದದ್ದಾದರೆ ಆ ರ‍್ಯಾಮ್ ಕಳಚಿ ಕೈಯಲ್ಲಿ ಹಿಡಿದು, ಕಾಯಿಲೆಯ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದೆ.

"ಒಂದ ಜಾಗದಾಗ ಮತ್ತ ಮತ್ತ ತಪ್ಪು ಬರಾಕತ್ತೇತಿ ಅಂದ್ರ ಅದು ಸುಮ್ಮನ ಅಲ್ಲೋ. ಒಳಗ ಏನೋ ಐತಿ," ಎನ್ನುತ್ತಿದ್ದೆ ನೀನು.

ನನ್ನ ಕೀಟಲೆಗಳೆಲ್ಲ ಬಂದು ಬೀಳುತ್ತಿದ್ದದ್ದೂ ಒಂದೇ ಜಾಗದಲ್ಲಿ. ನಿನ್ನ ಮೌಸಿನ ಅಡಿಗೆ ಟೇಪು ಅಂಟಿಸಿದೆ. ಸತ್ತ ರ‍್ಯಾಮಿಗೆ ಸೇವಂತಿಗೆ ಹಾರ ಹಾಕಿ, ಶ್ರದ್ಧಾಂಜಲಿ ಭಾಷಣ ಮಾಡಿ, ನಿನ್ನನ್ನು ದುಃಖತಪ್ತ ಕುಟುಂಬವೆಂದು ಘೋಷಿಸಿದೆ. ಊದುಬತ್ತಿಯ ಹೊಗೆಗೆ ಅಲಾರಂ ಕೂಗಿ ಇಡೀ ಮಹಡಿಯೇ ಕೆಳಗಿಳಿಯಿತು. "ಏ ದೇವ್ಯಾ, ನಿನಗ ಬ್ಯಾರೆ ಉದ್ಯೋಗ ಇಲ್ಲೇನೋ?" ಎಂದು ನೀನು ಬೈದೆ. ನಿಜಕ್ಕೂ ಇರಲಿಲ್ಲ.

ಆ ಸಂಜೆ ಕಂಪನಿಯ ಬಸ್ಸು ಹೊಸೂರು ರಸ್ತೆಯ ಮೇಲ್ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತ್ತು. ನೀನು ಕಿಟಕಿಯ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ನಾನು ಹೇಳಿದೆ: "ಮಹಾನಂದಾ ಅವರೇ, ತಮ್ಮ ಹೊರತು ಬೇರಾರೊಂದಿಗೂ ಬಾಳುವ ಇರಾದೆ ಈ ಬಡಪಾಯಿಗೆ ಇರುವುದಿಲ್ಲ." ಹೆದರಿಕೆಯಾದಾಗ ನನಗೆ ಬರುವುದು ಅದೊಂದೇ ಭಾಷೆ.

ನೀನು ಚಪ್ಪಾಳೆ ತಟ್ಟಿದೆ. "ಭಾಳ ಛಲೋ! ಈ ಸಲ ಕಣ್ಣಾಗ ನೀರು ಸೈತ ತಂದೀಯಲ್ಲೋ!"

ಮರುದಿನ ಲ್ಯಾಬಿನ ಬೋರ್ಡಿನ ಮೇಲೆ ನಿನ್ನ ದುಂಡಗಿನ ಅಕ್ಷರ: 'ದೇವ್ಯಾ ಹಾಕಿದ್ದು. ಹಿಡಿದೆ. ತಿದ್ದಿದೆ.' ಎಲ್ಲರೂ ನಕ್ಕರು. ಮ್ಯಾನೇಜರ್ ರಾಜೇಂದ್ರ ಸರ್ ಟೀ ಲೋಟ ಎತ್ತಿ ನನಗೆ ಅಭಿನಂದನೆ ಹೇಳಿದರು. ನಾನೂ ನಾಟಕ ಮುಗಿಸಿದ ನಟನಂತೆ ಬಾಗಿ ವಂದಿಸಿದೆ. ಇದು ನಾನು ಹಾಕಿದ್ದಲ್ಲ, ತಾನಾಗಿ ಆದದ್ದು ಎಂದು ಹೇಳಲು ಒಂದು ಉಸಿರು ಸಾಕಿತ್ತು. ಆ ಉಸಿರನ್ನು ನಗುವುದಕ್ಕೆ ಖರ್ಚು ಮಾಡಿದೆ. ಆಮೇಲೆ ನಿನಗೆ ವೈಟ್‌ಫೀಲ್ಡಿಗೆ ವರ್ಗವಾಯಿತು. ಈ ಊರಿನಲ್ಲಿ ಅದು ಪರದೇಶಕ್ಕೆ ಹೋದ ಹಾಗೆ.

ನಿನ್ನೆ ರಾಜೇಂದ್ರ ಸರ್ ನಿನಗೆ ಹೊಸ ಸರ್ವರ್ ತೋರಿಸಿದರು. ನಾನು ಎಲ್ಲರ ಎದುರು ಒಂದು ಇಡೀ ಮೆಮೊರಿ ಚಿಪ್ಪನ್ನೇ ಬೇಕೆಂದೇ ಕೆಡಿಸಿದೆ. ನಿನ್ನ ಪ್ರೋಗ್ರಾಂ ಅದನ್ನು ಬದಿಗೆ ಸರಿಸಿ, ಲೆಕ್ಕವೊಂದೂ ತಪ್ಪದಂತೆ ಕೆಲಸ ಮುಂದುವರಿಸಿತು. ನಿನ್ನ ಮುಖದ ಮೇಲಿನ ಆ ಹೆಮ್ಮೆಯನ್ನು ನಾನು ಎಷ್ಟು ಹೊತ್ತು ನೋಡಿದೆನೋ.

ನಾನು ಬೀಳ್ಕೊಡಲು ಬಂದಾಗ ನೀನು ಮೆಟ್ಟಿಲ ಮೇಲೆ ನಿಂತೆ. ಕಾರ್ಡಿನ ಮೂಲೆಯ ಅರಿಶಿನ ಹೆಬ್ಬೆರಳಿಗೆ ಅಂಟಿತ್ತು, ಅದನ್ನೇ ಉಜ್ಜುತ್ತಾ ಕೇಳಿದೆ:

"ದೇವ್ಯಾ, ಖರೇ ಹೇಳು. ಅವತ್ತ ಬಸ್ಸಿನ್ಯಾಗ ಅಂದದ್ದು ಬರೇ ಆಟ, ಹೌದಿಲ್ಲೋ?"

ಹೌದು ಎನ್ನಲಿ ಎಂದು ನಿನ್ನ ಕಣ್ಣು ಬೇಡುತ್ತಿತ್ತು. ಅಲ್ಲ ಎಂದಿದ್ದರೆ ಕಾರ್ಡಿನ ಕಟ್ಟಿನ ಜೊತೆ ಆ ಭಾರವನ್ನೂ ಹೊತ್ತು ನೀನು ಇನ್ನೆಷ್ಟು ಮನೆಗಳ ಬಾಗಿಲು ತಟ್ಟಬೇಕಿತ್ತು!

"ಆಟಾನೇ ಕಣೇ. ನಿಂಗಿನ್ನೂ ಡೌಟಾ?" ಎಂದೆ.

ನೀನು ನೆಮ್ಮದಿಯ ಉಸಿರುಬಿಟ್ಟು, ಕಾರ್ಡಿನಿಂದ ನನ್ನ ತಲೆಗೊಂದು ಮೊಟಕಿ, ಹಗುರಾಗಿ ಇಳಿದು ಹೋದೆ. ನಾನು ಹೇಳಿದ್ದನ್ನು ನೀನು ಹಿಂದುಮುಂದು ನೋಡದೆ ನಂಬಿದ್ದು ಅದೊಂದೇ ಸಲ ಮಹಾನಂದಾ, ಅದೂ ಸುಳ್ಳನ್ನು.

ಈ ಕಾಗದವನ್ನು ಉಡುಗೊರೆಯ ಜೊತೆ ಇಡೋಣವೆಂದುಕೊಂಡಿದ್ದೆ. ಬೇಡ. ನೀನು ಮದುವೆಯಾಗುತ್ತಿರುವ ಬಸಲಿಂಗ ಅವರು ಮಿತಭಾಷಿಯಂತೆ. ಒಳ್ಳೆಯದೇ ಆಯಿತು. ಅವರು ಆಡಿದ ಮಾತು ಆಡಿದ ಹಾಗೆಯೇ ನಿನ್ನ ಕಿವಿಗೆ ತಲುಪಲಿ, ನಿನಗೆ ಯಾವುದನ್ನೂ ಪರೀಕ್ಷಿಸುವ ಗೊಡವೆ ಬಾರದಿರಲಿ. ತಣ್ಣಗೆ ಬಾಳು.

ಇಂತಿ,
ನಿನ್ನ ಮದುವೆಯಲ್ಲಿ ಅಕ್ಷತೆ ಹಾಕಿ, ಎರಡನೆಯ ಪಂಕ್ತಿಯಲ್ಲಿ ಸುಮ್ಮನೆ ಕೂತು ಉಣ್ಣಲಿರುವ
ದೇವರಾಜ್