ಬೇಡವೆಂದರೆ ಬೇಡವೇ?

ಪೆರುಜಾ,
ಜುಲೈ ೯, ಮಂಗಳವಾರ

ಪ್ರೀತಿಯ ಬಾಬಾ,

ನಿಮ್ಮ ಮಗಳು ಪರಸ್ತೂ ಇಷ್ಟು ದೂರದಿಂದಲೇ ನಿಮ್ಮ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾಳೆ. ಗಂಟಲು ಹೇಗಿದೆ? ಉತ್ತರ ಹೇಳಲು ಹೋಗಬೇಡಿ, ಕೇಳದೆ ಇರಲಾರದೆ ಕೇಳಿದೆ. ಡಾಕ್ಟರು ಮಾತಾಡಕೂಡದು ಅಂದಿದ್ದರೂ ನೀವು ಪಕ್ಕದ ಬಟ್ಟೆ ಅಂಗಡಿಯವರ ಜೊತೆ ಫುಟ್‌ಬಾಲ್ ವಿಷಯಕ್ಕೆ ಜಗಳ ಕಾಯ್ದಿರಂತೆ, ಅಮ್ಮ ದೂರು ಹೇಳಿದಳು. ಬಿಸಿ ಹಾಲು ಇಳಿಯುತ್ತಿದೆಯೇ? ಅನ್ನ ಮೆತ್ತಗೆ ಮಾಡಿಕೊಡುತ್ತಾಳೋ, ಅಥವಾ ನಿಮ್ಮ ಹಠಕ್ಕೆ ಸೋತು ತಳ ಹಿಡಿದ ಗರಿಗರಿ ಅನ್ನವನ್ನೇ ಬಡಿಸುತ್ತಾಳೋ? ಸೋಮವಾರ ಆಪರೇಷನ್. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ, ಆಮೇಲೆ ಬಾಬಾನಿಗೆ ಮಾತು ಬರುವುದಿಲ್ಲ ಎಂದು ಅರ್ದಲಾನ್ ಅಣ್ಣ ನನಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ನೀವು ಮಾತ್ರ ಇನ್ನೂ ‘ಸಣ್ಣ ಗಾಯ ಕಣಮ್ಮ, ಕೆರೆದು ತೆಗೀತಾರೆ’ ಎನ್ನುತ್ತೀರಿ. ಸಣ್ಣ ಗಾಯಕ್ಕೆ ಯಾರಾದರೂ ಟೆಹ್ರಾನಿನ ಆಸ್ಪತ್ರೆಗೆ ಹೋಗುತ್ತಾರೆಯೇ ಬಾಬಾ? ನನ್ನನ್ನು ಇನ್ನೂ ನಿಮ್ಮ ಅಂಗಡಿಯ ಚಹಾ ಪೆಟ್ಟಿಗೆಯ ಮೇಲೆ ಕೂತು ಕಾಲಾಡಿಸುವ ಮಗು ಅಂದುಕೊಂಡಿದ್ದೀರಿ.

ಫೋನು ಬಿಟ್ಟು ಕಾಗದ ಹಿಡಿದದ್ದಕ್ಕೆ ಕಾರಣವಿದೆ. ಫೋನಿನಲ್ಲಿ ನಾನೇನಾದರೂ ಕೇಳಿದರೆ ನೀವು ಉತ್ತರ ಕೊಡಲು ಹೋಗಿ ಕೆಮ್ಮುತ್ತೀರಿ, ಆ ಕೆಮ್ಮು ಕೇಳಲಾರದೆ ನಾನು ಇಟ್ಟುಬಿಡುತ್ತೇನೆ. ನನ್ನ ತರಗತಿಯ ಶಹರ್ನಾಜ್, ನಮ್ಮ ಪಕ್ಕದ ರಶ್ತ್ ಊರಿನವಳು, ಇವತ್ತು ಸಂಜೆ ಊರಿಗೆ ಹೊರಟಿದ್ದಾಳೆ. ನಮ್ಮ ಲಾಹಿಜಾನಿಗೆ ಬಂದು ನಿಮ್ಮ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ. ಇದನ್ನು ಅಮ್ಮ ಗಟ್ಟಿಯಾಗಿ ಓದುತ್ತಾಳೆ, ಗೊತ್ತು. ಅವಳು ಓದುವಾಗ ನೀವು ನಡುವೆ ಬಾಯಿ ಹಾಕಬಾರದು.

ಪ್ರತಿ ಸಲ ನೀವು ‘ಅಲ್ಲಿ ಹೇಗಿದ್ದೀಯ, ಏನು ತಿಂತೀಯ’ ಎಂದು ಕೇಳುತ್ತೀರಿ, ಪ್ರತಿ ಸಲವೂ ‘ಚೆನ್ನಾಗಿದೀನಿ’ ಎಂದು ತೇಲಿಸಿಬಿಟ್ಟಿದ್ದೇನೆ. ಇವತ್ತು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಇಲ್ಲಿನ ನಮ್ಮ ಮನೆ ಬೆಟ್ಟದ ಇಳಿಜಾರಿನಲ್ಲಿದೆ. ಹೋಗುವಾಗ ಹತ್ತಬೇಕು, ಬರುವಾಗಲೂ ಅದು ಹೇಗೋ ಹತ್ತಲೇಬೇಕು. ಕೋಣೆಗೆ ಇರುವುದು ಒಂದೇ ಕಿಟಕಿ, ತೆರೆದರೆ ಪಕ್ಕದ ಮನೆಯ ಗೋಡೆ. ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳನ್ನು ಏಪ್ರಿಲ್ ನಡುವಿನಲ್ಲಿ ಆರಿಸಬೇಕೆಂದು ಊರಿಗೆಲ್ಲ ಒಂದೇ ಕಟ್ಟಳೆ, ಆಮೇಲೆ ನೀವು ನಡುಗಿ ಸತ್ತರೂ ಕೇಳುವವರಿಲ್ಲ. ಆ ತಿಂಗಳೆಲ್ಲ ಕೋಟು ಹಾಕಿಕೊಂಡೇ ಮಲಗಿದೆ. ಕಸಕ್ಕೂ ವಾರ ಇದೆ ಇಲ್ಲಿ. ಕಾಗದದ ದಿನ ಪ್ಲಾಸ್ಟಿಕ್ ಇಟ್ಟರೆ ಗಾಡಿಯವರು ಅದನ್ನು ಮುಟ್ಟದೆ ಬಾಗಿಲಲ್ಲೇ ಬಿಟ್ಟು ಹೋಗುತ್ತಾರೆ, ಇಡೀ ಬೀದಿಯೆದುರು ನಮ್ಮ ಮಾನ ಹರಾಜು. ಅಂಗಡಿಯಲ್ಲಿ ಹಣ್ಣನ್ನು ಬರಿಗೈಯಲ್ಲಿ ಮುಟ್ಟಿ ನೋಡುವ ಹಾಗಿಲ್ಲ, ಪ್ಲಾಸ್ಟಿಕ್ಕಿನ ಕೈಗವಸು ತೊಟ್ಟುಕೊಳ್ಳಬೇಕು. ನಾನು ನಮ್ಮೂರಿನಲ್ಲಿ ಮಾಡುವ ಹಾಗೆ ಕಲ್ಲಂಗಡಿಯನ್ನು ತಟ್ಟಿ, ಕಿವಿಗಿಟ್ಟು ಕೇಳುತ್ತಿದ್ದರೆ ಹಿಂದೆ ನಿಂತಿದ್ದ ಹೆಂಗಸು ‘ಏನಂತೆ, ಹಲೋ ಅಂತಾ?’ ಎಂದಳು. ನಾನೂ ನಕ್ಕೆ, ಆದರೆ ಮನೆಗೆ ಬಂದ ಮೇಲೆ ಅಳು ಬಂತು.

ಜೊತೆಯಲ್ಲಿರುವ ನುನ್ಸಿಯಾ ಈ ದೇಶದ ದಕ್ಷಿಣದ ತುದಿಯವಳು, ಬಾಯಿ ಬೊಂಬಾಯಿ, ಮನಸ್ಸು ಮಾತ್ರ ಬೆಣ್ಣೆ. ನಾನು ಬಂದ ಹೊಸತರಲ್ಲಿ ಅವಳ ಕಾಫಿ ಕಾಸುವ ಪಾತ್ರೆ ಒಳಗೆಲ್ಲ ಕಪ್ಪಾಗಿದ್ದದ್ದನ್ನು ನೋಡಿ, ಪಾಪ ಎಂದು ಸೋಪು ಹಾಕಿ ತಿಕ್ಕಿ ಫಳಫಳ ಮಾಡಿಟ್ಟೆ. ‘ಅಯ್ಯೋ ನಿನ್ನ! ಏನೇ ಮಾಡ್ಬಿಟ್ಟೆ ಮಾರಾಯ್ತಿ? ನಮ್ಮಜ್ಜಿ ಕಾಲದ ರುಚೀನೆಲ್ಲ ಬಚ್ಚಲಿಗೆ ಹಾಕಿದ್ಯಲ್ಲೇ!’ ಎಂದು ತಲೆ ಚಚ್ಚಿಕೊಂಡಳು. ಆ ಪಾತ್ರೆಯನ್ನು ಬರೀ ನೀರಿನಲ್ಲಿ ಅಲುಬಬೇಕಂತೆ. ನನಗೇನು ಗೊತ್ತು, ಚಹಾ ವ್ಯಾಪಾರಿಯ ಮಗಳು.

ಕೆಳಗಿನ ಮನೆಯಲ್ಲಿ ಯಜಮಾನಿ ಯೊಲಾಂದಾ ಅಜ್ಜಿ ಇದ್ದಾಳೆ. ಒಂದು ಭಾನುವಾರ ಮಧ್ಯಾಹ್ನ ಮಾಂಸ, ಚೀಸು ಪದರ ಪದರವಾಗಿ ಹಾಕಿ ಬೇಯಿಸಿದ ಬಿಸಿಬಿಸಿ ಲಸಾನ್ಯದ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಳು, ಆ ಮಂಡಿನೋವಿನಲ್ಲಿ. ‘ನಿನಗೋಸ್ಕರ ಹಂದಿ ಹಾಕ್ದೆ ಬೇರೆ ಮಾಡಿದೀನಿ ಕಣೇ, ತಗೋ’ ಎಂದಳು. ಹಿಂದಿನ ರಾತ್ರಿಯಿಂದ ನಾನು ಬ್ರೆಡ್ಡು ಬಿಟ್ಟು ಬೇರೇನೂ ತಿಂದಿರಲಿಲ್ಲ. ಆದರೂ ಬಾಯಿ ತನ್ನಷ್ಟಕ್ಕೆ ‘ಅಯ್ಯೋ, ಯಾಕೆ ತೊಂದ್ರೆ ತಗೊಂಡ್ರಿ, ಬೇಡ ಬೇಡ, ಹೊಟ್ಟೆ ತುಂಬಿದೆ’ ಎಂದುಬಿಟ್ಟಿತು. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ತಟ್ಟೆಯನ್ನು ಕೈಗೆ ತುರುಕಿ, ತಿನ್ನದಿದ್ದರೆ ನನ್ನ ಮೇಲೆ ಆಣೆ ಎಂದು ಗದರುತ್ತಿದ್ದರು. ಅಜ್ಜಿ ‘ಓ, ಹೌದಾ? ಸರಿ ಬಿಡು’ ಎಂದು ತಿರುಗಿ ಇಳಿದು ಹೋದಳು. ನಾನು ಬಾಗಿಲಲ್ಲಿ ನಿಂತು ಆ ವಾಸನೆ ಕೆಳಗಿಳಿಯುವುದನ್ನು ಮೂಸುತ್ತಿದ್ದೆ. ಮಾರನೆಯ ದಿನ ಅಜ್ಜಿ ನುನ್ಸಿಯಾಳ ಹತ್ತಿರ ‘ನಿನ್ನ ಗೆಳತಿಗೆ ನನ್ನ ಕೈಯಡಿಗೆ ಅಂದ್ರೆ ಹೇಸಿಗೆಯೇನೋ’ ಎಂದಳಂತೆ. ನುನ್ಸಿಯಾ ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು: ‘ನೋಡು, ಬೇಕಿದ್ರೆ ಬೇಕು ಅನ್ನು, ಬೇಡದಿದ್ರೆ ಬೇಡ ಅನ್ನು. ಇಲ್ಲಿ ಯಾರೂ ನಿನ್ನ ಗಲ್ಲ ಹಿಡಿದು ಉಣ್ಸಲ್ಲ.’

ಆಗ ನೀವು ನೆನಪಾದಿರಿ. ನಿಮ್ಮ ಅಂಗಡಿಯಲ್ಲಿ ಗಿರಾಕಿ ದುಡ್ಡು ತೆಗೆದಾಗಲೆಲ್ಲ ನೀವು ‘ಇರಲಿ ಬಿಡಿ, ನಿಮ್ಮಿಂದ ದುಡ್ಡಾ!’ ಎನ್ನುತ್ತಿದ್ದಿರಿ, ಅವರು ‘ಛೆ, ಎಲ್ಲಾದರೂ ಉಂಟೇ’ ಎಂದು ಮತ್ತೆ ನೀಡುತ್ತಿದ್ದರು, ಅದೊಂದು ಆಟ ಮುಗಿದ ಮೇಲೆಯೇ ದುಡ್ಡು ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ಒಮ್ಮೆ ಬೆನ್ನಿಗೆ ಚೀಲ ಹೊತ್ತ ಪರದೇಶಿ ಪ್ರವಾಸಿಯೊಬ್ಬ ಬಂದಿದ್ದ. ನೀವು ಅಭ್ಯಾಸಬಲದಿಂದ ‘ಇರಲಿ ಬಿಡಿ’ ಎಂದಿರಿ, ಅವನು ಎದೆಗೆ ಕೈಯಿಟ್ಟು ಬಾಗಿ, ಒಳ್ಳೆಯ ಚಹಾದ ಪೊಟ್ಟಣ ಎತ್ತಿಕೊಂಡು ಹೊರಟೇಹೋದ! ಅಮ್ಮ ‘ಕರೀರಿ ಅವನ್ನ’ ಎಂದು ಹೌಹಾರಿದರೆ ನೀವು ಬಿದ್ದು ಬಿದ್ದು ನಕ್ಕಿರಿ. ‘ಹೋಗ್ಲಿ ಬಿಡೇ, ಕೊಟ್ಟ ಮಾತು ಕೊಟ್ಟಾಯ್ತು, ಕುಡಿದು ನಮ್ಮನ್ನ ನೆನೀಲಿ’ ಎಂದಿರಿ. ಆ ನಗು, ಆ ದನಿ ನನ್ನ ಕಿವಿಯಲ್ಲಿ ಹಾಗೇ ಇದೆ. ಇಲ್ಲಿ ಒಬ್ಬಳೇ ಅಡಿಗೆ ಮಾಡಿಕೊಳ್ಳುವಾಗ ಒಮ್ಮೊಮ್ಮೆ ನೀವು ನಕ್ಕ ಹಾಗೇ ನಗಲು ನೋಡುತ್ತೇನೆ, ಬರುವುದಿಲ್ಲ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಬೈಯುವುದಿದ್ದರೆ ಮನಸ್ಸಿನಲ್ಲೇ ಬೈಯಿರಿ. ನನ್ನ ಇಲ್ಲಿನ ವಾಸದ ಪರ್ಮಿಟ್ ಈ ವಾರದ ಕೊನೆಗೆ ಮುಗಿಯುತ್ತದೆ. ವರ್ಷದಲ್ಲಿ ಒಂದು ಪರೀಕ್ಷೆಯನ್ನಾದರೂ ಪಾಸು ಮಾಡಿದವರಿಗೆ ಮಾತ್ರ ಹೊಸದು ಕೊಡುತ್ತಾರೆ. ಚಳಿಗಾಲದಲ್ಲಿ ಭಾಷೆ ತಿಳಿಯದೆ ಎಲ್ಲದರಲ್ಲೂ ಬಿದ್ದಿದ್ದೆ, ಉಳಿದದ್ದು ಕಳೆದ ವಾರ ನಡೆದ, ನಮ್ಮ ಕೃಷಿ ಓದಿನ ಮಣ್ಣುವಿಜ್ಞಾನದ ಪರೀಕ್ಷೆಯೊಂದೇ. ಅದು ಪಾಸಾದರೆ ಕೂಡಲೇ ಪರ್ಮಿಟ್ಟಿಗೆ ಅರ್ಜಿ ಹಾಕಿ, ಅದರ ರಸೀದಿ ಹಿಡಿದು ನಿಮ್ಮ ಹತ್ತಿರ ಓಡಿಬರುವುದು, ನಿಮ್ಮ ಆಪರೇಷನ್ ಮುಗಿಸಿ ಮತ್ತೆ ಇಲ್ಲಿಗೆ ಮರಳುವುದು ಎಂದು ಲೆಕ್ಕ ಹಾಕಿದ್ದೆ. ಇಲ್ಲಿ ಪರೀಕ್ಷೆಯೆಂದರೆ ಉಳಿದ ಹುಡುಗರೆಲ್ಲ ನೋಡುತ್ತಿರುವಾಗ ಮೇಷ್ಟರ ಎದುರು ಕೂತು ಬಾಯಲ್ಲಿ ಉತ್ತರ ಹೇಳುವುದು. ಪ್ರೊಫೆಸರ್ ಬ್ರುನೆಲ್ಲಿ ಕಟ್ಟುನಿಟ್ಟಿನ ಹೆಂಗಸು, ಆದರೆ ಅವತ್ತು ತಲೆದೂಗುತ್ತ ಕೇಳಿದರು. ಚಹಾ ತೋಟದ ಹುಳಿಮಣ್ಣಿನ ಬಗ್ಗೆ ಕೇಳಿದಾಗಲಂತೂ ನಾನು ನೀವು ಹೇಳಿಕೊಟ್ಟದ್ದನ್ನೆಲ್ಲ ಒದರಿದೆ. ಕೊನೆಗೆ ಅವರು ‘ಇಪ್ಪತ್ನಾಲ್ಕು ಕೊಡ್ತೀನಿ. ಒಪ್ಪಿಗೆನಾ?’ ಎಂದರು. ಮೂವತ್ತಕ್ಕೆ ಇಪ್ಪತ್ನಾಲ್ಕು ಬಾಬಾ! ನನಗೆ ಎದ್ದು ಕುಣಿಯುವಷ್ಟು ಸಂತೋಷ. ಆ ಸಂತೋಷದಲ್ಲಿ ನಾನು ಎದೆಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ‘ಇಲ್ಲ ಮೇಡಂ, ಅಷ್ಟಕ್ಕೆಲ್ಲ ನಾನು ಯೋಗ್ಯಳಲ್ಲ, ಬೇಡ’ ಎಂದೆ.

ಇನ್ನೇನು ‘ಛೆ ಛೆ, ತಗೊಳ್ಳಿ’ ಎನ್ನುತ್ತಾರೆಂದು ನಾನು ಮುಗುಳ್ನಗುತ್ತ ಕಾದೆ. ಅವರು ‘ಭೇಷ್! ಛಲ ಇದೆ ನಿಮಗೆ. ಸೆಪ್ಟೆಂಬರಲ್ಲಿ ಬನ್ನಿ, ಇನ್ನೂ ಚೆನ್ನಾಗಿ ಮಾಡ್ತೀರ’ ಎಂದು ಕಂಪ್ಯೂಟರಿನಲ್ಲಿ ಏನೋ ಒತ್ತಿ, ಮುಂದಿನವರ ಹೆಸರು ಕರೆದರು. ಇಲ್ಲಿ ಕೊಟ್ಟ ಅಂಕ ಸಾಲದೆಂದು ಬಿಟ್ಟು ಮತ್ತೆ ಪರೀಕ್ಷೆಗೆ ಕೂರುವುದು ಜಾಣ ಹುಡುಗರ ರೂಢಿಯಂತೆ. ಹೊರಗೆ ಕಾಯುತ್ತಿದ್ದ ನುನ್ಸಿಯಾ ‘ತಗೊಂಡ್ಯಾ?’ ಎಂದಳು. ನಾನು ನಡೆದದ್ದನ್ನು ಹೇಳಿದೆ. ‘ನಿನ್ನ ತಲೆಗಿಷ್ಟು! ಬೇಡ ಅಂದ್ಯಾ? ಅವರು ಬಿಟ್ಟೇಬಿಟ್ರು ಕಣೇ!’ ಎಂದು ಕೂಗಿ ನನ್ನ ರಟ್ಟೆ ಹಿಡಿದು ಒಳಗೆ ನೂಕಿದಳು. ಅಳುತ್ತ ಎಲ್ಲ ಬಿಡಿಸಿ ಹೇಳಿದೆ. ಬ್ರುನೆಲ್ಲಿ ಮೇಡಂ ಕನ್ನಡಕ ತೆಗೆದು, ‘ಮಗೂ, ನನಗೂ ಸಂಕಟ ಆಗತ್ತೆ. ಆದ್ರೆ ಇಷ್ಟು ಜನರ ಮುಂದೆ ನೀವೇ ಬೇಡ ಅಂದ್ರಿ. ನಿಮಗೊಬ್ರಿಗೆ ತಿದ್ದಿದ್ರೆ ನಾಳೆ ಎಲ್ರೂ ಬಾಗಿಲಲ್ಲಿ ನಿಂತಿರ್ತಾರೆ’ ಎಂದರು. ಅವರದ್ದು ತಪ್ಪಿಲ್ಲ. ಲಸಾನ್ಯದಲ್ಲಿ ಕಲಿತ ಪಾಠ ನನಗೆ ಮರೆತಿರಲಿಲ್ಲ, ಆದರೆ ಖುಷಿಯಾದಾಗ, ಹೆದರಿಕೆಯಾದಾಗ ಬಾಯಿಗೆ ಬರುವುದು ಮನೆಯ ಮಾತೇ ಬಾಬಾ.

ಹಾಗಾಗಿ ಈಗ ನನ್ನ ಸ್ಥಿತಿ ಹೀಗಿದೆ. ಸೆಪ್ಟೆಂಬರಿನವರೆಗೆ ಇಲ್ಲೇ ಇದ್ದು ಪರೀಕ್ಷೆ ಪಾಸು ಮಾಡಿದರೆ, ತಡವಾದರೂ ಹೊಸ ಪರ್ಮಿಟ್ ಸಿಗುತ್ತದೆ, ಓದು ಉಳಿಯುತ್ತದೆ. ಅದಕ್ಕೆ ಮೊದಲು ದೇಶ ಬಿಟ್ಟರೆ ಮರಳುವ ದಾರಿಯಿಲ್ಲ. ಹೊಸದಾಗಿ ವೀಸಾ ಕೇಳಿಕೊಂಡು ರಾಯಭಾರಿ ಕಚೇರಿಯ ಮುಂದೆ ಇನ್ನೆಷ್ಟು ಕಾಲ ಕಾಯಬೇಕೋ, ಕಾದರೂ ಕೊಡುತ್ತಾರೋ ಇಲ್ಲವೋ. ನನ್ನನ್ನು ಇಲ್ಲಿಗೆ ಕಳಿಸಲು ನೀವು ಬೆಟ್ಟದ ಮೇಲಿನ ತೋಟ ಮಾರಿದಿರಿ. ಫೋನಿನಲ್ಲಿ ‘ಬರಲಾ ಬಾಬಾ?’ ಎಂದು ಕೇಳಿದೆ. ‘ಬೇಡ ಕಣಮ್ಮ, ಏನು ಮಾಡ್ತೀಯ ಬಂದು, ಓದ್ಕೋ’ ಎಂದಿರಿ. ಮತ್ತೆ ಕೇಳಿದೆ, ‘ಬೇಡ ಅಂದ್ನಲ್ಲ’ ಎಂದಿರಿ. ಮೊನ್ನೆ ಕೇಳಿದಾಗ ದನಿಯೇ ಹೊರಡಲಿಲ್ಲ, ಗಾಳಿಯಲ್ಲೇ ‘ಬೇಡ’ ಎಂದಿರಿ, ಅಮ್ಮ ಫೋನು ಕಿತ್ತುಕೊಂಡಳು. ನುನ್ಸಿಯಾ ‘ಅವರೇ ಬೇಡ ಅಂದ್ರಲ್ಲ, ಮತ್ತ್ಯಾಕೆ ಒದ್ದಾಡ್ತೀಯ?’ ಎನ್ನುತ್ತಾಳೆ. ಅವಳಿಗೆ ಏನಂತ ಹೇಳಲಿ? ಸರಿ, ನಿಮ್ಮ ಮಾತಿನಂತೆ ಇಲ್ಲೇ ಇರುತ್ತೇನೆ. ಈ ಸಲ ಮೇಡಂ ‘ಒಪ್ಪಿಗೆನಾ’ ಎಂದು ಕೇಳಿ ಮುಗಿಸುವ ಮೊದಲೇ ಒಪ್ಪಿಗೆ ಎನ್ನುತ್ತೇನೆ. ಅಕ್ಟೋಬರಿನಲ್ಲಿ ಬರುತ್ತೇನೆ. ಅಷ್ಟರಲ್ಲಿ ನಿಮ್ಮ ಗಾಯವೂ ಮಾಗಿರುತ್ತದೆ. ನೀವು ಸ್ಲೇಟಿನ ಮೇಲೆ ಬರೆಯಿರಿ, ನಾನು ಓದುತ್ತೇನೆ.

ಶಹರ್ನಾಜಳ ಕೈಯಲ್ಲಿ ಅಮ್ಮನಿಗೆ ಮಂಡಿಗೆ ಹಚ್ಚುವ ಮುಲಾಮು, ಅಣ್ಣನಿಗೆ ಕಾಫಿಪುಡಿ ಕಳಿಸಿದ್ದೇನೆ. ಬಟ್ಟೆ ಅಂಗಡಿಯವರಿಗೆ ನನ್ನ ನಮಸ್ಕಾರ ತಿಳಿಸಿ, ಇನ್ನು ಮೇಲೆ ಫುಟ್‌ಬಾಲಿನಲ್ಲಿ ಅವರು ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳಿ. ಅತ್ತೆಗೆ, ಚಿಕ್ಕಪ್ಪನ ಮನೆಯವರಿಗೆಲ್ಲ ನೆನಪು ಹೇಳಿ. ದೇವರು ನಿಮ್ಮ ನೆರಳು ನಮ್ಮ ತಲೆಯ ಮೇಲೆ ಬಹುಕಾಲ ಇರಿಸಲಿ. ಸೋಮವಾರ ಇಡೀ ದಿನ ನಾನು ಬೇರೇನೂ ಮಾಡದೆ ನಿಮ್ಮನ್ನೇ ನೆನೆಯುತ್ತಿರುತ್ತೇನೆ.

ನಿಮ್ಮ ದಡ್ಡ ಮಗಳು,
ಪರಸ್ತೂ

ತಾ.ಕ.: ಶಹರ್ನಾಜ್ ಕೆಳಗೆ ನಿಂತು ಕೂಗುತ್ತಿದ್ದಾಳೆ, ಬಸ್ಸಿಗೆ ಹೊತ್ತಾಯಿತಂತೆ. ಈ ತುಂಡು ಬೇರೆ ಹಾಳೆಯಲ್ಲಿದೆ, ಅಮ್ಮನಿಗೆ ಕೊಡಬೇಡಿ, ನೀವೊಬ್ಬರೇ ಓದಿ. ಮೇಲೆ ಅಕ್ಟೋಬರ್ ಎಂದು ಬರೆದದ್ದು ಸುಳ್ಳು. ಬರೆದು ಮುಗಿಸಿ ಮತ್ತೆ ಓದಿದೆ, ನನ್ನಿಂದಾಗದು. ಈಗಷ್ಟೇ ಶುಕ್ರವಾರದ ವಿಮಾನಕ್ಕೆ ಟಿಕೆಟ್ ತೆಗೆದೆ, ಬರುವುದಕ್ಕೆ ಮಾತ್ರ. ಓದು ಹೋಗುತ್ತದೆ, ಗೊತ್ತು. ತೋಟವೂ ಹೋಯಿತು, ಗೊತ್ತು. ಅದಕ್ಕೆ ನಾನು ಜೀವಮಾನವಿಡೀ ಅಳಬಹುದು, ಅಳುತ್ತೇನೆ. ಆದರೆ ನಿಮ್ಮ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ‘ಬೇಡ’ ಎಂದಾಗಬಾರದು ಬಾಬಾ. ಫೋನು ಮಾಡಬೇಡಿ, ಎತ್ತುವುದಿಲ್ಲ. ನಾನು ಬರುವವರೆಗೆ ಯಾರ ಜೊತೆಯೂ ಮಾತಾಡದೆ ಗಂಟಲು ಉಳಿಸಿಕೊಂಡಿರಿ. ಶನಿವಾರ ಬೆಳಿಗ್ಗೆ ಬಾಗಿಲು ತಟ್ಟುತ್ತೇನೆ, ನೀವೇ ಬಂದು ತೆಗೆದು ‘ಬಾ’ ಅನ್ನಿ. ಅಷ್ಟೇ ಸಾಕು.