ಮೊಳೆಯಲ್ಲೇ ಉಳಿದ ದಾರ

ಮಾರ್ಚ್ 3

ಬೆಳಿಗ್ಗೆಯಿಂದ ಗ್ಯಾರೇಜಿನಲ್ಲಿ ಪ್ಯಾಕಿಂಗ್. ಕಾಡಿನಾಚೆಯ ಆದಿವಾಸಿ ಊರಿಗೆ ಇಪ್ಪತ್ತೊಂದು ಔಷಧಿ ಪೊಟ್ಟಣ. ಸಹಾಯಕ್ಕೆಂದು ಹೊಸದಾಗಿ ಬಂದ ರಿಟೈರ್ಡ್ ಪೋಸ್ಟ್ ಮಾಸ್ಟರರಿಗೆ ಪೊಟ್ಟಣಕ್ಕೆ ಕಟ್ಟುವ ದಾರದ ವಿಷಯ ಹೇಳಿಕೊಟ್ಟೆ. ಅಲ್ಲಿ ಔಷಧಿ ಹಂಚುವ ಸೂಲಗಿತ್ತಿ ಅಜ್ಜಿಗೆ ಓದು ಬರುವುದಿಲ್ಲ. ಒಂದು ಗಂಟು — ದಿನಕ್ಕೊಂದು ಮಾತ್ರೆ. ಮೂರು ಗಂಟು — ಮೂರು. ಉಪಾಯ ಅಜ್ಜಿಯದೇ. ಈ ಸಲ ಇಪ್ಪತ್ತಕ್ಕೆ ಮೂರು ಗಂಟು. ಒಂದಕ್ಕೆ ಮಾತ್ರ ಒಂದು: ಅಜ್ಜಿಯ ಮೊಮ್ಮಗಳ ಫಿಟ್ಸ್ ಮಾತ್ರೆ. ಆ ದಾರವನ್ನು ಬೇರೆಯಾಗಿ ಮೊಳೆಗೆ ತೂಗುಹಾಕಿದ್ದೆ.

ಇನ್ನೇನು ಮುಗಿಯಿತು ಅನ್ನುವಾಗ ಮಹಾಶಯರು ಬಾಯಿಬಿಟ್ಟರು. "ಮೇಡಂ, ಕಳ್ಸೋಕೆ ಮುಂಚೆ ಇನ್ನೊಬ್ರು ಒಂದ್ಸಲ ನೋಡಿದ್ರೆ ಒಳ್ಳೇದಲ್ವಾ?"

ಮೈಯೆಲ್ಲ ಉರಿದುಹೋಯಿತು. "ಮೂವತ್ತು ವರ್ಷ ನರ್ಸಾಗಿದ್ದೋಳು ನಾನು. ಸ್ಟಾಂಪ್ ಹೊಡೀತಿದ್ದೋರು ನೀವು ನಂಗೆ ಹೇಳ್ಕೊಡ್ತೀರಾ?"

ಇನ್ನೂ ಏನೇನೋ ಅಂದೆ. ಬಾಯಿ ಒಂದು ಕಡೆ, ಕೈ ಒಂದು ಕಡೆ. ಅವರು ಛತ್ರಿ ತೆಗೆದುಕೊಂಡು ಹೋದರು. ಪೀಡೆ ತೊಲಗಿತು. ಮಧ್ಯಾಹ್ನ ನನ್ನ ತಮ್ಮ ಬಂದು ಜೀಪಿನಲ್ಲಿ ಎಲ್ಲ ಸಾಗಿಸಿದ. ರಸ್ತೆ ಮುಗಿದ ಮೇಲೆ ಹೊರೆ ಹೊತ್ತು ಬೆಟ್ಟ ಹತ್ತುವ ಹೊರೆಯವನದು ಎರಡು ದಿನದ ನಡಿಗೆ.

ಮಾರ್ಚ್ 5, ಬೆಳಿಗ್ಗೆ 10

ಗ್ಯಾರೇಜು ಗುಡಿಸಲು ಹೋದೆ. ಮೊಳೆಯಲ್ಲಿ ದಾರ. ಒಂದೇ ಗಂಟು.

ಅಯ್ಯೋ ದೇವರೇ. ಜಗಳದ ಭರದಲ್ಲಿ ಫಿಟ್ಸ್ ಮಾತ್ರೆಗೂ ಮೂರು ಗಂಟಿನದನ್ನೇ ಕಟ್ಟಿದ್ದೇನೆ. ಆ ಮಾತ್ರೆ ಮೂರು ಹೋದರೆ ಮಂಪರು. ದಿನಾ ಹೋದರೆ ಉಸಿರಿಗೇ ಅಪಾಯ. ಹುಡುಗಿಗೆ ಏಳು ವರ್ಷ.

11

ಲೆಕ್ಕ ಹಾಕಿದೆ. ಹುಡುಗಿಯ ಹಳೇ ಪೊಟ್ಟಣ ಒಂಬತ್ತನೇ ತಾರೀಖಿನವರೆಗೆ ಬರುತ್ತದೆ. ಅಲ್ಲಿಗೆ ಫೋನಿಲ್ಲ. ನಾನೇ ಹೋಗುತ್ತೇನೆ.

"ನಿನ್ನ ಮಂಡಿ?" ಅಂದರು ಇವರು.

"ಮಂಡೀನ ನಿಮ್ಮ ಹತ್ರ ಬಿಟ್ಟು ಹೋಗ್ತೀನಿ, ಎಣ್ಣೆ ಹಚ್ಚಿಡಿ."

ನಗಲಿಲ್ಲ. ಬ್ಯಾಗಿಗೆ ಟಾರ್ಚ್ ಹಾಕಿಕೊಟ್ಟರು. ಮೊಳೆಯ ದಾರವನ್ನು ಈ ಡೈರಿಯೊಳಗೆ ಇಟ್ಟುಕೊಂಡೆ.

ಮಾರ್ಚ್ 6

ರಸ್ತೆಯ ಕೊನೆ. ತಮ್ಮ ಜೀಪಿನಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ದಾರಿ ಬಲ್ಲವನು ಹೊರೆಯವನೊಬ್ಬನೇ, ಅವನಿನ್ನೂ ಇಳಿದಿಲ್ಲ. ಕೂತೆ. ಎದ್ದೆ. ಮತ್ತೆ ಕೂತೆ. ಒಬ್ಬಳೇ ಹೊರಟುಬಿಡಲೇ?

ಮಾರ್ಚ್ 7, ಸಂಜೆ

ಬಂದ. "ಎಲ್ಲಾ ಕೊಟ್ಬಂದೆ ಅಮ್ಮ. ನಿನ್ನೆ ಬೆಳಿಗ್ಗೆ ನಾನು ಹೊರಡೋವಾಗ ಎಲ್ರೂ ಚೆನ್ನಾಗಿದ್ರು." ವಿಷಯ ಹೇಳಿದೆ. ಕಳಚಿದ ಚಪ್ಪಲಿ ಮತ್ತೆ ಮೆಟ್ಟಿದ. ಆದರೆ ಕತ್ತಲಾಗುತ್ತಿದೆ. ಬೆಳಗಿಗೇ ಹೊರಡುವುದಂತೆ.

ಮಾರ್ಚ್ 9

ಇವತ್ತು ತಲುಪಬೇಕಿತ್ತು. ಮಂಡಿ ಊದಿ ತೆಂಗಿನಕಾಯಿಯಾಗಿದೆ. ಆಗಲ್ಲ...

ಮಾರ್ಚ್ 10, ಮಧ್ಯಾಹ್ನ

ಅಜ್ಜಿಯ ಗುಡಿಸಲು. ಹುಡುಗಿ ಮಲಗಿದ್ದಳು. ಈ ಹೊತ್ತಿನಲ್ಲಿ! ಹೋಗಿ ಅಲುಗಾಡಿಸಿದೆ. ಕಣ್ಣು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದಳು. ಅಲ್ಲೇ ಕೂತೆ. ಗಳಗಳ ಅತ್ತೆ.

ಅಜ್ಜಿ ನೀರು ಕೊಟ್ಟರು. "ಹಳೇ ಮಾತ್ರೆ ನೀರು ಬಿದ್ದು ಕರಗೋಯ್ತು. ಹೊಸದು ತಂದ ಮಾರನೇ ದಿನವೇ ಬಿಚ್ದೆ. ಅವತ್ತು ಮೂರು ಕೊಟ್ಟೆ. ಎರಡು ದಿನ ಕೂಸು ಕಣ್ಣೇ ಬಿಡ್ಲಿಲ್ಲ."

ಅಂದರೆ ಆರನೇ ತಾರೀಖು. ನಾನು ರಸ್ತೆಯ ಕೊನೆಯಲ್ಲಿ ಕೂತು ಎದ್ದು ಮಾಡುತ್ತಿದ್ದ ದಿನ.

"ಆಮೇಲೆ?"

"ಆಮೇಲೇನು. ಎರಡು ಗಂಟು ನಾನೇ ಬಿಚ್ಚಾಕ್ದೆ."

"ಮೊದ್ಲು ಒಂದೇ ಇತ್ತಲ್ಲ ಅಜ್ಜಿ, ಯಾಕೆ ಕೊಟ್ರಿ?"

"ನಿನ್ ಗಂಟಲ್ವಾ ತಾಯಿ. ನೀನು ತಪ್ಪು ಮಾಡಲ್ಲ ಅಂದ್ಕೊಂಡೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ

ಹುಡುಗಿ ಪಕ್ಕದಲ್ಲಿ ಕೂತು ಪೆನ್ನನ್ನೇ ನೋಡುತ್ತಿದ್ದಾಳೆ.

"ಏನ್ ಬರೀತಿದೀಯ?"

"ನನ್ನ ತಪ್ಪು."

"ಎಷ್ಟಿದೆ?"

ಒಂದು ಅನ್ನಲು ಹೊರಟೆ. ಪೋಸ್ಟ್ ಮಾಸ್ಟರರ ಛತ್ರಿ ಕಣ್ಣ ಮುಂದೆ ಬಂತು. ಎರಡು ಬೆರಳೆತ್ತಿದೆ. ಹುಡುಗಿ ಡೈರಿಯೊಳಗಿಂದ ಮೊಳೆಯ ದಾರ ಕಿತ್ತುಕೊಂಡು ಎರಡನೇ ಗಂಟು ಹಾಕಿ ನನ್ನ ಕೈಗೆ ಕೊಟ್ಟಳು. ಕೆಳಗಿಳಿದ ಕೂಡಲೇ ಇದನ್ನು ಹಿಡಿದು ಪೋಸ್ಟ್ ಮಾಸ್ಟರರ ಮನೆಗೆ ಹೋಗಬೇಕು. ಬಾಗಿಲು ತೆಗೆದರೆ, ಮೊದಲು ಹೇಳಬೇಕಾದ್ದು ಈ ಎರಡನೇ ಗಂಟು: ಅವತ್ತು ಅಂದದ್ದಕ್ಕೆ ಕ್ಷಮಿಸಿ.